ಛಿನ್ನ ಪರಂಪರೆಯ ಅಧ್ಯಯನ: ಆಧುನಿಕ ಕೊರಿಯಾದ ಸಾಹಿತ್ಯ ಮತ್ತು ಚಲಚ್ಚಿತ್ರ

ಕೊರಿಯಾ ದೇಶದ ಕಥಾಸಾಹಿತ್ಯಕ್ಕೆ ಆಧುನಿಕ ರೀತಿಯ ಕ್ರಮಬದ್ಧವಾದ ಇತಿಹಾಸವೊಂದನ್ನು ಮೊದಲು ರಚಿಸಿಕೊಟ್ಟವರು ಕಿಮ್ ತೇ-ಜುನ್ ಎಂಬ ವಿದ್ವಾಂಸರು. ಅವರ ಗ್ರಂಥ ಪುಸ್ತಕರೂಪದಲ್ಲಿ ಹೊರಬಂದದ್ದು 1933ರಲ್ಲಿ. ಅದೇ ದೇಶದ ನವಸಾಹಿತ್ಯ ಹೇಗೆ ಹುಟ್ಟಿತು, ಯಾವ ಶಕ್ತಿಗಳಿಂದ ಬೆಳೆಯಿತು ಎಂಬುದನ್ನು ತಾತ್ತ್ವಿಕವಾಗಿ ವಿಚಾರಮಾಡಿದವರಲ್ಲಿ ಅಗ್ರಗಣ್ಯರು ಕವಿಯೂ ವಿಮರ್ಶಕರೂ ಆಗಿದ್ದ ಇಮ್ ಹ್ವಾ. ಅವರ ಲೇಖನಗಳು 1939ರಿಂದ ಮುಂದಕ್ಕೆ ಬಿಡಿಬಿಡಿಯಾಗಿ ಪತ್ರಿಕೆಗಳಲ್ಲಿ ಪ್ರಕಟವಾದವು. ಜಪಾನೀ ಆಳ್ವಿಕೆಯ ಕಷ್ಟಕಾಲದಲ್ಲಿ ತಮ್ಮ ನಾಡಿನ ನುಡಿಗೆ ಒಂದು ಇತಿಹಾಸವುಂಟೆಂದು ತೋರಿಸಿಕೊಟ್ಟ ಈ ಇಬ್ಬರೂ, ಆ ಆಳ್ವಿಕೆ ಮುಗಿದು ದೇಶ ಸ್ವತಂತ್ರವಾದ ಮೇಲೆ, ತಮ್ಮವರ ಕೈಯಿಂದಲೇ ಸತ್ತರು. ಕಿಮ್ ತೇ-ಜುನ್ ಅವರನ್ನು 1949ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರ ಕಮ್ಯೂನಿಸ್ಟರೆಂದು ಮರಣದಂಡನೆಗೆ ಗುರಿಪಡಿಸಿತು. ಇಮ್ ಹ್ವಾ ಅವರನ್ನು 1953ರಲ್ಲಿ ಉತ್ತರ ಕೊರಿಯಾದ ಸರ್ಕಾರ ಅಮೆರಿಕದ ಗೂಢಚಾರರೆಂದು ಆರೋಪಿಸಿ ಅದೇ ಗತಿಗೆ ತಂದಿತು.

ಸಾಹಿತ್ಯದ ಚರಿತ್ರೆಯನ್ನು ಬರೆದವರಿಗೆ ಎರಡು ರಾಜ್ಯಗಳೂ ಹೀಗೆ ಒಂದೇ ಬಗೆಯ ತೀರ್ಪನ್ನು ವಿಧಿಸಿದ ಈ ಸಂಗತಿಯನ್ನು ಕೇವಲ ಎರಡು ವ್ಯಕ್ತಿಗಳ ದುರದೃಷ್ಟವೆಂದು ಭಾವಿಸಿ ಮುಂದೆ ಸಾಗುವಂತಿಲ್ಲ. ಅಲ್ಲಿಂದೀಚೆಗೆ ಬಹುಕಾಲದವರೆಗೆ ಆಧುನಿಕ ಕೊರಿಯನ್ ಸಾಹಿತ್ಯವೆಂಬ ಹೆಸರಿನಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಏನನ್ನು ಕಲಿಸಿದರೋ, ಯಾವ ಚಲಚ್ಚಿತ್ರಗಳನ್ನು ದೇಶದ ಕಲಾಸಂಪತ್ತೆಂದು ಎಣಿಸಿದರೋ, ಅದರ ಎಲ್ಲೆಗಳನ್ನು ನಿರ್ಧರಿಸಿದವರು ವಿದ್ವಾಂಸರಲ್ಲ. ಸೈನ್ಯ, ಪೋಲೀಸು, ಸೆನ್ಸಾರ್ ಕಚೇರಿಗಳು. ಉತ್ತರ ದಕ್ಷಿಣವೆಂಬ ಗೆರೆಯಾಗಲಿ, ದೇಶಭಕ್ತ ದೇಶದ್ರೋಹಿಯೆಂಬ ಗೆರೆಯಾಗಲಿ, ಸಾಹಿತ್ಯ ಸಿನಿಮಾ ಎಂಬ ಶಾಸ್ತ್ರವಿಭಾಗದ ಗೆರೆಯಾಗಲಿ, ಇವನ್ನು ಕ್ಷೇತ್ರದ ಸಹಜವಾದ ಎಲ್ಲೆಗಳೆಂದು ಒಪ್ಪಿಕೊಂಡು ಹೊರಡುವ ಅಧ್ಯಯನವು ತನ್ನ ವಿಷಯವನ್ನು ಅರ್ಧಕ್ಕಿಂತ ಕಡಮೆಯಾಗಿ ಮಾತ್ರ ಕಾಣಬಲ್ಲುದೆಂಬುದೂ, ಕಳೆದ ಮೂರು ನಾಲ್ಕು ದಶಕಗಳ ಶ್ರೇಷ್ಠ ವಿದ್ವತ್ತಿನ ಸಾರವೆಲ್ಲ ಈ ಗೆರೆಗಳನ್ನು ದಾಟುವುದರಲ್ಲಿಯೇ ಇದೆಯೆಂಬುದೂ ಇಲ್ಲಿ ಪ್ರತಿಪಾದಿಸಬೇಕಾದ ವಿಚಾರ.

ಯುನ್ ತೊಂಗ್-ಜು ಎಂಬ ತರುಣಕವಿಯ ಪುಸ್ತಕದ ಕಥೆಯನ್ನು ಇದಕ್ಕೆ ಮೊದಲ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು. ಜಪಾನಿನಲ್ಲಿ ವಿದ್ಯಾರ್ಥಿಯಾಗಿದ್ದ ಈತನನ್ನು ಸ್ವಾತಂತ್ರ್ಯ ಚಳವಳಿಯ ಆಪಾದನೆಯ ಮೇಲೆ ಬಂಧಿಸಿದರು. ವಿಮೋಚನೆಗೆ ಆರು ತಿಂಗಳು ಉಳಿದಿರುವಾಗ, 1945ರ ಫೆಬ್ರವರಿಯಲ್ಲಿ, ಫುಕುವೊಕ ಸೆರೆಮನೆಯಲ್ಲಿ ಇಪ್ಪತ್ತೇಳರ ಪ್ರಾಯದ ಈ ಕವಿ ಮೃತನಾದನು. ಜೀವಿತಕಾಲದಲ್ಲಿ ಅಚ್ಚಾಗದ ಆತನ ಸಂಗ್ರಹವನ್ನು ಮಿತ್ರರೂ ಬಂಧುಗಳೂ ಸೇರಿ 1948ರಲ್ಲಿ ಪ್ರಕಟಿಸಿದಾಗ ಮುನ್ನುಡಿ ಬರೆದುಕೊಟ್ಟವರು ಆ ಕಾಲದ ಅಗ್ರಕವಿ ಚೊಂಗ್ ಚಿ-ಯೊಂಗ್. ಇಂದು ಕೊರಿಯಾದ ಶಾಲೆಯ ಮಕ್ಕಳಿಗೆಲ್ಲ ಪರಿಚಿತವಾದ ಈ ಪುಸ್ತಕ 1955ರಲ್ಲಿ ವಿಸ್ತರಿಸಿದ ರೂಪದಲ್ಲಿ ಮತ್ತೆ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿರಲಿಲ್ಲ. ಕಾರಣವಿಷ್ಟೆ: 1950ರ ಯುದ್ಧದಲ್ಲಿ ಚೊಂಗ್ ಚಿ-ಯೊಂಗ್ ಕಣ್ಮರೆಯಾದರು, ತಾವಾಗಿ ಹೋದರೋ, ಎಳೆದೊಯ್ದರೋ ಎಂಬುದು ನಿಶ್ಚಯವಾಗುವ ಮೊದಲೇ ದಕ್ಷಿಣದ ಅಧಿಕಾರವರ್ಗ ಅವರನ್ನು ‘ಉತ್ತರಕ್ಕೆ ಹೋದವರ’ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಸೇರಿದವರ ಕೃತಿಗಳನ್ನು ಅಚ್ಚುಮಾಡುವುದು, ಮಾರುವುದು, ಪಾಠಹೇಳುವುದು ಎಲ್ಲವೂ ನಿಷಿದ್ಧ. ಅನಿವಾರ್ಯವಾಗಿ ಹೆಸರಿಸಬೇಕಾಗಿ ಬಂದ ಸಂಶೋಧಕರು ಹೆಸರಿನ ನಡುವಣ ಅಕ್ಷರವನ್ನು ತೆಗೆದು ಆ ಸ್ಥಾನದಲ್ಲಿ ಒಂದು ಸೊನ್ನೆಯನ್ನು ಅಚ್ಚುಹಾಕಿಸುತ್ತಿದ್ದರು. ವಿದ್ವತ್ಪೂರ್ಣ ಗ್ರಂಥಗಳ ಪುಟಗಳಲ್ಲಿ ಕವಿಯ ಹೆಸರಿನ ಬದಲಿಗೆ ಹೀಗೆ ಸೊನ್ನೆಯೊಂದು ಕುಳಿತಿದ್ದ ಕಾಲ ಮುಗಿದದ್ದು 1988ರಲ್ಲಿ, ಪ್ರಜಾಪ್ರಭುತ್ವದ ಚಳವಳಿ ಜಯಗಳಿಸಿದ ಮರುವರ್ಷ. ಆಗಲೂ ಉತ್ತರದಲ್ಲಿ ಉನ್ನತ ಪದವಿಗೇರಿದ್ದ ಕೆಲವರನ್ನು ಹೊರಗಿಟ್ಟೇ ನಿಷೇಧವನ್ನು ಹಿಂತೆಗೆದರು.

ಮೂವತ್ತೆಂಟು ವರ್ಷ ಅಪಹೃತವಾಗಿದ್ದದ್ದು ನಾಲ್ಕಾರು ಹೆಸರುಗಳಲ್ಲ. 1925ರಿಂದ 1935ರವರೆಗೆ ಕಾರ್ಮಿಕವರ್ಗದ ಪರವಾದ ಲೇಖಕರು ನಡೆಸಿದ ‘ಕಾಪ್ಫ್’ ಎಂಬ ಸಂಘದ ಇಡೀ ಸಾಹಿತ್ಯ, 1930ರ ದಶಕದ ನವ್ಯರಲ್ಲಿ ಬಹುಮಂದಿಯ ಕೃತಿಗಳು, ಐತಿಹಾಸಿಕ ಕಾದಂಬರಿಯ ಪ್ರಥಮಶ್ರೇಣಿಯ ಉದಾಹರಣೆಗಳು, ಇವೆಲ್ಲ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಇಲ್ಲದಂತೆಯೇ ಆದುವು. ಉಳಿದದ್ದರ ಆಧಾರದ ಮೇಲೆ, ಕೊರಿಯಾದ ಶುದ್ಧಸಾಹಿತ್ಯವು ರಾಜಕೀಯಕ್ಕೆ ವಿಮುಖವಾದುದು, ಗ್ರಾಮಜೀವನವನ್ನೂ ಪ್ರಕೃತಿಯನ್ನೂ ವಿರಹವನ್ನೂ ಹಾಡುವುದೇ ಅದರ ಸ್ವಭಾವ ಎಂಬ ಸಿದ್ಧಾಂತವನ್ನು ಕಟ್ಟಿದರು. ಒಂದು ದೇಶದ ಕಾವ್ಯದ ಸ್ವಭಾವವೆಂದು ಹೇಳುವ ಲಕ್ಷಣಗಳಲ್ಲಿ ಎಷ್ಟು ಭಾಗ ಕವಿಗಳದ್ದು, ಎಷ್ಟು ಭಾಗ ಪಟ್ಟಿ ತಯಾರಿಸಿದ ಗುಮಾಸ್ತನದ್ದು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಯಾವ ಸಾಮಾನ್ಯೋಕ್ತಿಗೂ ಇಲ್ಲಿ ಅವಕಾಶ ಕೊಡಬಾರದು.

ಇಮ್ ಹ್ವಾ ಅವರ ಸಿದ್ಧಾಂತ ಬೇರೆಯೊಂದು ಕಾರಣದಿಂದ ವಿವಾದಕ್ಕೆ ಸಿಕ್ಕಿತು. ಕೊರಿಯಾದ ನವಸಾಹಿತ್ಯವು ಪಾಶ್ಚಾತ್ಯ ಸಾಹಿತ್ಯದಿಂದ, ಅದರಲ್ಲಿಯೂ ಜಪಾನಿನ ಮೂಲಕ, ತಂದು ನೆಟ್ಟ ಗಿಡವೆಂದು ಅವರು ಬರೆದರು. ನೆಟ್ಟ ಮಣ್ಣು ನಾಡಿನ ಪ್ರಾಚೀನ ಪರಂಪರೆಯೆಂಬ ಮಾತನ್ನೂ ಸೇರಿಸಿದ್ದರು. ವಸಾಹತು ಆಳ್ವಿಕೆಯ ಅಪಮಾನವನ್ನುಂಡ ಜನಕ್ಕೆ ಮೊದಲಿನ ಮಾತು ನೋವನ್ನುಂಟುಮಾಡಿದುದು ಸಹಜ. 1973ರಲ್ಲಿ ಕಿಮ್ ಯುನ್-ಸಿಕ್ ಮತ್ತು ಕಿಮ್ ಹ್ಯೊನ್ ಎಂಬ ಇಬ್ಬರು ಪ್ರತಿಭಾವಂತ ವಿಮರ್ಶಕರು ಸೇರಿ ರಚಿಸಿದ ಸಾಹಿತ್ಯಚರಿತ್ರೆಯಲ್ಲಿ ಇದಕ್ಕೆ ಉತ್ತರವಾಗಿ ಆಧುನಿಕತೆಯ ಆರಂಭವನ್ನು ಹದಿನೆಂಟನೆಯ ಶತಮಾನಕ್ಕೆ, ಯೊಂಗ್ಜೊ ಮತ್ತು ಚೊಂಗ್ಜೊ ಎಂಬ ಅರಸರ ಕಾಲಕ್ಕೆ, ಹಿಂದೆ ಒಯ್ದರು: ಪಶ್ಚಿಮದ ಸಂಪರ್ಕಕ್ಕೆ ಮೊದಲೇ ನಮ್ಮ ಸಮಾಜದ ಒಡಲಲ್ಲಿಯೇ ಹೊಸತನ ಮೊಳೆತಿತ್ತು ಎಂಬುದು ಅವರ ವಾದ. ಆತ್ಮಗೌರವದಿಂದ ಹುಟ್ಟಿದ ಈ ವಾದಕ್ಕೆ ಆ ಗಳಿಗೆಯಲ್ಲಿ ಅಗತ್ಯವಿತ್ತೆಂಬುದನ್ನು ಮನಃಪೂರ್ವಕವಾಗಿ ಒಪ್ಪಿಯೂ, ಅದು ನಿಲ್ಲತಕ್ಕದ್ದಲ್ಲವೆಂದು ಹೇಳಬೇಕಾಗಿದೆ. ಯೂರೋಪಿನ ಸಾಹಿತ್ಯ ನಡೆದ ದಾರಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಆ ಅಳತೆಗೆ ನಾವು ತಡವಾಗಿ ಬಂದೆವೆಂದು ಒಬ್ಬರು ಹೇಳುವುದೂ, ಇಲ್ಲ, ಸಕಾಲಕ್ಕೇ ಬಂದೆವೆಂದು ಇನ್ನೊಬ್ಬರು ಹೇಳುವುದೂ ಒಂದೇ ಅಳತೆಗೋಲಿಗೆ ಶರಣಾದಂತಲ್ಲವೆ? 1917ರಲ್ಲಿ ಸೋಲ್ ನಗರದ ಓದುಗನೊಬ್ಬನು ವೃತ್ತಪತ್ರಿಕೆಯಲ್ಲಿ ದಿನದಿನವೂ ಓದಿದ ಯಿ ಕ್ವಾಂಗ್-ಸು ಅವರ ‘ನಿರ್ದಯ’ ಕಾದಂಬರಿ, ಅನುಕರಣವೋ ಸ್ವಯಂಜನ್ಯವೋ ಎಂಬ ಪ್ರಶ್ನೆಗಿಂತ, ಆ ಪತ್ರಿಕೆ ಜಪಾನೀ ಸರ್ಕಾರದ ಮುಖವಾಣಿಯಾಗಿತ್ತು ಎಂಬ ವಸ್ತುಸ್ಥಿತಿಯೇ ಹೆಚ್ಚು ವಿಚಾರಣೀಯವಾದುದು. ತನ್ನ ಭಾಷೆಯಲ್ಲಿ ಬರೆಯಲು ತನ್ನನ್ನು ಆಳುವವನ ಪುಟವನ್ನು ಬಿಟ್ಟರೆ ಬೇರೆ ಪುಟವಿಲ್ಲದ ಲೇಖಕನ ಆಧುನಿಕತೆ ಎಂಥದ್ದು ಎಂದು ಕೇಳುವಾಗ ನಾವು ಕೊರಿಯಾವನ್ನು ಕುರಿತು ಕೇಳುತ್ತೇವೆ. ಹಿಂದಿನ ಪ್ರಶ್ನೆಯಲ್ಲಿ ಯೂರೋಪನ್ನು ಕುರಿತೇ ಕೇಳುತ್ತಿರುತ್ತೇವೆ.

ಯಿ ಕ್ವಾಂಗ್-ಸು ಅವರ ಹೆಸರು ಬಂದ ಮೇಲೆ ಅತ್ಯಂತ ಕಠಿಣವಾದ ಆಕ್ಷೇಪವನ್ನು ಎದುರಿಸದೆ ಮುಂದುವರಿಯುವಂತಿಲ್ಲ. 1919ರಲ್ಲಿ ಟೋಕಿಯೋದ ಕೊರಿಯನ್ ವಿದ್ಯಾರ್ಥಿಗಳು ಹೊರಡಿಸಿದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಕೈ ಇವರದೇ. 1940ರಲ್ಲಿ ಜಪಾನೀ ಹೆಸರನ್ನು ಸ್ವೀಕರಿಸಿ, ಚಕ್ರವರ್ತಿಯ ಯುದ್ಧಕ್ಕೆ ಸೈನಿಕರಾಗಿ ಸೇರಿರೆಂದು ತನ್ನ ನಾಡಿನ ಯುವಕರಿಗೆ ಬೋಧಿಸಿದವರೂ ಇವರೇ. ಇಂಥವರನ್ನು ಪಠ್ಯವಾಗಿ ಓದಿಸುವುದು ಇವರನ್ನು ಮನ್ನಿಸಿದಂತಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ; ಸತ್ತ ಯುವಕರ ಮನೆಯವರು ಹಾಗೆ ಕೇಳಿದರೆ ಅದಕ್ಕೆ ತಲೆಬಾಗಬೇಕು. ಆದರೆ ವಿದ್ವಾಂಸನ ಉತ್ತರ ಬೇರೆ. ಕಿಮ್ ಯುನ್-ಸಿಕ್ 1986ರಲ್ಲಿ ಪ್ರಕಟಿಸಿದ, ಯಿ ಕ್ವಾಂಗ್-ಸು ಅವರನ್ನು ಕುರಿತ ಬೃಹತ್ ಅಧ್ಯಯನ ದೋಷವನ್ನು ಮುಚ್ಚಲಿಲ್ಲ. ಅನಾಥ ಬಾಲ್ಯದಿಂದ ಆರಂಭಿಸಿ, ಒಂದು ಜನಾಂಗದ ಸುಧಾರಣೆಯನ್ನು ಬಯಸಿದ ಮನಸ್ಸು ಹಂತಹಂತವಾಗಿ ಆ ಜನಾಂಗದ ಲೋಪಕ್ಕೆ ಸಮ್ಮತಿಸುವುದು ಹೇಗೆ ಸಾಧ್ಯವಾಯಿತೆಂಬುದನ್ನು ಅದು ಬಿಡಿಸಿ ತೋರಿಸಿತು. ಆ ಹಂತಗಳನ್ನು ತಿಳಿಯದೆ ಕೇವಲ ದ್ರೋಹಿಯೆಂದು ಹೆಸರಿಟ್ಟು ಪುಸ್ತಕವನ್ನು ಮುಚ್ಚಿದರೆ ಶಿಕ್ಷೆಯಾದೀತು, ಜ್ಞಾನವಾಗದು.

ಕಿಮ್ ಸಾ-ರ್ಯಾಂಗ್ ಅವರ ಸಂಗತಿ ಇನ್ನೂ ಸೂಕ್ಷ್ಮವಾದುದು. ಜಪಾನೀ ಭಾಷೆಯಲ್ಲಿ ಇವರು ಬರೆದ ಕಥೆಯೊಂದು 1940ರಲ್ಲಿ ಆ ದೇಶದ ಅಕುತಗಾವ ಪ್ರಶಸ್ತಿಯ ಪರಿಶೀಲನೆಗೆ ಬಂದಿತು. ಟೋಕಿಯೋದ ಬಡಕೇರಿಯ ಮಿಶ್ರರಕ್ತದ ಬಾಲಕನೊಬ್ಬ ತನ್ನ ತಾಯಿ ಕೊರಿಯಾದವಳೆಂಬುದನ್ನು ಅಡಗಿಸಿಕೊಳ್ಳಲು ಹೆಣಗುವ ಆ ಕಥೆ ಕೊರಿಯನ್ ಸಾಹಿತ್ಯಕ್ಕೆ ಸೇರಿದ್ದೋ ಜಪಾನೀ ಸಾಹಿತ್ಯಕ್ಕೆ ಸೇರಿದ್ದೋ? ಭಾಷೆಯೊಂದೇ ಪ್ರಮಾಣವೆಂದವರು ಅದನ್ನು ಹೊರಗಿಟ್ಟರು. ಜಪಾನಿನ ಚರಿತ್ರೆಕಾರರೂ ಅದನ್ನು ಅಂಚಿಗೆ ಸರಿಸಿದರು. ಎರಡು ಮನೆಯವರೂ ಬೇಡವೆಂದ ಇಂಥ ಕೃತಿಗಳನ್ನು ಕಳೆದ ಎರಡು ದಶಕಗಳ ಸಂಶೋಧನೆ ಮರಳಿ ಮೇಜಿನ ಮೇಲೆ ತಂದಿಟ್ಟಿರುವುದು ಈ ಶಾಸ್ತ್ರದ ನಿಜವಾದ ಸಾಧನೆಗಳಲ್ಲೊಂದು.

ಚಲಚ್ಚಿತ್ರದ ಕಡೆಗೆ ತಿರುಗಿದರೆ ನಷ್ಟ ಕಣ್ಣಿಗೆ ಕಾಣುವಷ್ಟು ಸ್ಥೂಲವಾಗಿದೆ. ನಾ ಉನ್-ಗ್ಯು 1926ರಲ್ಲಿ ತಯಾರಿಸಿ ತಾವೇ ನಟಿಸಿದ ‘ಆರಿರಾಂಗ್’ ಎಂಬ ಮೂಕಚಿತ್ರ ಕೊರಿಯನ್ ಸಿನಿಮಾದ ಮೂಲಸ್ತಂಭವೆಂದು ಎಲ್ಲ ಚರಿತ್ರೆಗಳೂ ಹೊಗಳುತ್ತವೆ. ಆದರೆ ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ವಸಾಹತುಕಾಲದ ಚಿತ್ರಗಳು ಬಹುಮಟ್ಟಿಗೆ ನಾಶವಾದುವೆಂದೇ ವಿದ್ವಾಂಸರು ನಂಬಿದ್ದ ಕಾಲದಲ್ಲಿ, 2004ರಿಂದೀಚೆಗೆ, ಚೀನಾ ದೇಶದ ಚಿತ್ರಭಂಡಾರದಲ್ಲಿ ಕೆಲವು ಚಿತ್ರಗಳು ದೊರೆತುವು. ಅವುಗಳಲ್ಲಿ 1941ರ, ಚ್ವೆ ಇನ್-ಗ್ಯು ನಿರ್ದೇಶಿಸಿದ, ಬೀದಿಯ ಅನಾಥಮಕ್ಕಳನ್ನು ಕುರಿತ ಚಿತ್ರವೊಂದಿದೆ. ಮಕ್ಕಳ ಮುಖಗಳನ್ನು ಅತ್ಯಂತ ಕರುಣೆಯಿಂದ ಹಿಡಿದಿರುವ ಈ ಚಿತ್ರ ಮುಗಿಯುವಾಗ ಆ ಮಕ್ಕಳೆಲ್ಲ ಸಾಲಾಗಿ ನಿಂತು, ಜಪಾನಿನ ಧ್ವಜದ ಮುಂದೆ, ಚಕ್ರವರ್ತಿಗೆ ನಿಷ್ಠೆಯ ಪ್ರತಿಜ್ಞೆಯನ್ನು ಪಠಿಸುತ್ತಾರೆ. ಅದೇ ನಿರ್ದೇಶಕರು 1946ರಲ್ಲಿ ಸ್ವಾತಂತ್ರ್ಯವೀರನನ್ನು ಕೊಂಡಾಡುವ ‘ಸ್ವಾತಂತ್ರ್ಯಕ್ಕೆ ಜಯವಾಗಲಿ’ ಎಂಬ ಚಿತ್ರವನ್ನು ತೆಗೆದರು. ಆ ಎರಡನೆಯ ಚಿತ್ರದಿಂದ, ಉತ್ತರಕ್ಕೆ ಹೋದ ನಟರ ದೃಶ್ಯಗಳನ್ನು ಮುಂದೆ ಕತ್ತರಿಸಿ ತೆಗೆದರು. ಮೊದಲನೆಯದು ಕಾಣೆಯಾಗಿದ್ದಷ್ಟು ಕಾಲ ಎರಡನೆಯದೊಂದನ್ನೇ ನೋಡಿ ಸ್ವಾತಂತ್ರ್ಯಾನಂತರದ ಸಿನಿಮಾ ಶೂನ್ಯದಿಂದ ಹುಟ್ಟಿತೆಂದು ನಂಬುವುದು ಸುಲಭವಾಗಿತ್ತು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಕ್ಯಾಮೆರಾ ನಿಲ್ಲುವ ರೀತಿ, ಪ್ರಚಾರದ ಪಾಠ, ಕರುಣೆಯ ಪಾಠ ಇವೆಲ್ಲ ಒಂದೇ ಶಾಲೆಯಲ್ಲಿ ಕಲಿತವೆಂಬುದು ವಿದಿತವಾಗುತ್ತದೆ.

ಸಾಹಿತ್ಯವನ್ನು ಒಂದು ವಿಭಾಗದಲ್ಲಿಯೂ ಸಿನಿಮಾವನ್ನು ಇನ್ನೊಂದು ವಿಭಾಗದಲ್ಲಿಯೂ ಕಲಿಸುವ ಏರ್ಪಾಡು ಈ ದೇಶದ ಮಟ್ಟಿಗೆ ವಿಶೇಷವಾಗಿ ಹಾನಿಕರವೆಂದು ನನ್ನ ಅಭಿಪ್ರಾಯ. ಇಮ್ ಹ್ವಾ ಸ್ವತಃ 1920ರ ದಶಕದ ಕೊನೆಯಲ್ಲಿ ಮೂಕಚಿತ್ರಗಳಲ್ಲಿ ನಾಯಕನಾಗಿ ನಟಿಸಿದ್ದರು, ಮುಂದೆ ಸಿನಿಮಾ ಚರಿತ್ರೆಯನ್ನು ಕುರಿತೂ ಬರೆದರು. ಕೊಲಂಬಿಯ ವಿಶ್ವವಿದ್ಯಾನಿಲಯದ ಥಿಯೊಡೊರ್ ಹ್ಯೂಸ್ 2012ರ ತಮ್ಮ ಗ್ರಂಥದಲ್ಲಿ ಸಾಹಿತ್ಯವನ್ನೂ ಚಲಚ್ಚಿತ್ರವನ್ನೂ ಕೂಡಿಸಿ ಓದಿ, ಶೀತಲಯುದ್ಧ ಕಾಲದ ದಕ್ಷಿಣ ಕೊರಿಯಾದ ಸಂಸ್ಕೃತಿ ತಾನು ಮರೆತೆನೆಂದುಕೊಂಡ ವಸಾಹತುಕಾಲದ ರೂಪಗಳನ್ನೇ ಮುಂದುವರಿಸಿತೆಂದು ವಾದಿಸಿದುದು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಇದನ್ನು ಒಂದು ಚಿತ್ರದಲ್ಲಿಯೇ ಪರೀಕ್ಷಿಸಬಹುದು. ಯಿ ಪೊಮ್-ಸೊನ್ ಅವರ ಸಣ್ಣಕಥೆಯೊಂದನ್ನು ಆಧರಿಸಿ ಯೂ ಹ್ಯೊನ್-ಮೊಕ್ 1961ರಲ್ಲಿ ತೆಗೆದ ‘ಗುರಿತಪ್ಪಿದ ಗುಂಡು’ ಎಂಬುದು, ಉತ್ತರದಿಂದ ಓಡಿಬಂದು ಸೋಲ್ ನಗರದ ಗುಡ್ಡದ ಗುಡಿಸಲೊಂದರಲ್ಲಿ ನೆಲೆಸಿದ ಗುಮಾಸ್ತನ ಕಥೆ. ಹಲ್ಲುನೋವಿನಿಂದ ನರಳುತ್ತಿದ್ದರೂ ಕೀಳಿಸಿಕೊಳ್ಳಲು ಆತನಲ್ಲಿ ಹಣವಿಲ್ಲ. ಯುದ್ಧದಿಂದ ಮರಳಿದ ತಮ್ಮ ಬ್ಯಾಂಕ್ ದರೋಡೆಗೆ ಇಳಿಯುತ್ತಾನೆ. ತಂಗಿ ಅಮೆರಿಕದ ಸಿಪಾಯಿಗಳ ಸಂಗ ಹಿಡಿದಿದ್ದಾಳೆ. ಬಸುರಿ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ. ಬುದ್ಧಿಭ್ರಮಣೆಯಾದ ಮುದಿತಾಯಿ ಹಾಸಿಗೆಯಿಂದ ಮಧ್ಯೆ ಮಧ್ಯೆ ಮೇಲೆದ್ದು, ಹೋಗಿಬಿಡೋಣವೆಂದು ಕಿರಿಚುತ್ತಾಳೆ. ಕಥೆಯಲ್ಲಿ ಆ ಕೂಗು ಓದುಗನ ಕಣ್ಣಿಗೆ ಬೀಳುವ ಅಕ್ಷರ. ಚಿತ್ರದಲ್ಲಿ ಅದು ಪ್ರತಿ ದೃಶ್ಯದ ಕೆಳಗೂ ಹರಿದು, ಕೊನೆಗೆ ಎರಡು ಹಲ್ಲನ್ನೂ ಕೀಳಿಸಿಕೊಂಡು ರಕ್ತ ಸುರಿಸುತ್ತ ಟ್ಯಾಕ್ಸಿಯಲ್ಲಿ ಕುಳಿತು ಎಲ್ಲಿಗೆ ಹೋಗಬೇಕೆಂದು ಹೇಳಲಾರದ ಮಗನ ಬಾಯಿಗೆ ಬಂದು ಸೇರುತ್ತದೆ. ಎಲ್ಲಿಗೆ ಹೋಗೋಣ? ಉತ್ತರಕ್ಕೆ ಎಂಬ ಅರ್ಥವನ್ನು ಸೈನಿಕ ಸರ್ಕಾರ ಅದರಲ್ಲಿ ಕಂಡಿತೆಂದೂ, ಆ ವರ್ಷ ಮೇ ತಿಂಗಳಿನ ಕ್ಷಿಪ್ರಕ್ರಾಂತಿಯ ಬಳಿಕ ಚಿತ್ರವನ್ನು ನಿಷೇಧಿಸಿದುದಕ್ಕೆ ಇದೂ ಒಂದು ಕಾರಣವೆಂದೂ ಹೇಳುತ್ತಾರೆ. ಉಳಿದುಬಂದ ಪ್ರತಿ 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಉತ್ಸವಕ್ಕೆ ಕಳುಹಿಸಿದ್ದು. ಆದುದರಿಂದಲೇ ಅದರ ಚಿತ್ರಗಳ ಮೇಲೆ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿದ್ದುವು.

ಭಾರತೀಯ ಓದುಗರಿಗೆ, ಅದರಲ್ಲಿಯೂ ಕನ್ನಡಿಗರಿಗೆ, ಹತ್ತಿರವಾಗಬೇಕಾದ ಕೃತಿಯೊಂದಿದೆ: ಚ್ವೆ ಇನ್-ಹುನ್ ಅವರ ‘ಚೌಕ’. 1960ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ದಂಗೆ ಸರ್ವಾಧಿಕಾರಿಯನ್ನು ಕೆಳಗಿಳಿಸಿದ ಅಲ್ಪಾವಧಿಯ ಸ್ವಾತಂತ್ರ್ಯದಲ್ಲಿ, ಅದೇ ವರ್ಷದ ನವೆಂಬರಿನಲ್ಲಿ ಒಂದು ಮಾಸಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಿಂದಿನ ವರ್ಷವಾಗಲಿ ಮುಂದಿನ ವರ್ಷವಾಗಲಿ ಅಚ್ಚಾಗುವುದು ದುಸ್ಸಾಧ್ಯವಾಗಿತ್ತು. ದಕ್ಷಿಣದಲ್ಲಿ ಸ್ವಾರ್ಥದ ಕೋಣೆಗಳುಂಟು, ಜನ ಕೂಡುವ ಚೌಕವಿಲ್ಲ. ಉತ್ತರದಲ್ಲಿ ಚೌಕವುಂಟು, ಅದರಲ್ಲಿ ಮನುಷ್ಯನಿಲ್ಲ ಎಂದು ಕಂಡುಕೊಂಡ ನಾಯಕ ಯಿ ಮ್ಯೊಂಗ್-ಜುನ್ ಯುದ್ಧದ ಸೆರೆಯಾಳಾಗಿ, ಎರಡು ಪಕ್ಷದ ಅಧಿಕಾರಿಗಳೂ ಒಬ್ಬರಾದ ಮೇಲೊಬ್ಬರು ಮನವೊಲಿಸಲು ಯತ್ನಿಸಿದಾಗ, ಇಬ್ಬರಿಗೂ ತಟಸ್ಥ ರಾಷ್ಟ್ರಕ್ಕೆ ಹೋಗುವೆನೆಂಬ ಒಂದೇ ಉತ್ತರವನ್ನು ಕೊಡುತ್ತಾನೆ. ಆತನನ್ನು ಹೊತ್ತೊಯ್ಯುವ ಭಾರತದ ಹಡಗಿಗೆ ಕಾದಂಬರಿಕಾರರು ಇಟ್ಟ ಹೆಸರು ‘ಟಾಗೋರ್’. ರವೀಂದ್ರರ ಕಾವ್ಯ 1920ರ ದಶಕದಲ್ಲಿಯೇ ಕೊರಿಯನ್ ಭಾಷೆಗೆ ಬಂದು, ಭಿಕ್ಷುಕವಿ ಹಾನ್ ಯೊಂಗ್-ಉನ್ ಅವರ 1926ರ ಸಂಗ್ರಹದಲ್ಲಿ ಅದನ್ನು ಸಂಬೋಧಿಸಿದ ಕವಿತೆಯೊಂದು ಸೇರಿತ್ತೆಂಬುದನ್ನು ಬಲ್ಲವರಿಗೆ ಈ ನಾಮಕರಣ ಆಕಸ್ಮಿಕವೆನ್ನಿಸದು. ಕಥೆಗೆ ಆಧಾರವಾದ ವಾಸ್ತವವೂ ಭಾರತಕ್ಕೆ ಸೇರಿದ್ದೇ: ಸೆರೆಯಾಳುಗಳ ಇಚ್ಛೆಯನ್ನು ವಿಚಾರಿಸಲು 1953ರಲ್ಲಿ ಏರ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ, ಎರಡು ಕೊರಿಯಾಗಳನ್ನೂ ಒಲ್ಲೆವೆಂದ 76 ಮಂದಿ, 12 ಮಂದಿ ಚೀನೀಯರೊಡನೆ, 1954ರ ಫೆಬ್ರವರಿಯಲ್ಲಿ ಭಾರತೀಯ ಸೈನ್ಯದ ಜತೆಗೆ ಮದರಾಸಿಗೆ ಬಂದಿಳಿದರು. ಬಹುಮಂದಿ ಮುಂದೆ ದಕ್ಷಿಣ ಅಮೆರಿಕಕ್ಕೆ ಹೋದರು. ಕಾದಂಬರಿಯ ನಾಯಕನಾದರೋ ದಡ ಸೇರುವುದಿಲ್ಲ, ನಡುಸಮುದ್ರದಲ್ಲಿ ಕಾಣೆಯಾಗುತ್ತಾನೆ.

ಈ ಕಾದಂಬರಿಯನ್ನು ಚ್ವೆ ಇನ್-ಹುನ್ ಬದುಕಿರುವವರೆಗೂ ತಿದ್ದುತ್ತಲೇ ಬಂದರು. ಹಡಗನ್ನು ಹಿಂಬಾಲಿಸುವ ಎರಡು ಕಡಲಹಕ್ಕಿಗಳು ಮೊದಲಲ್ಲಿ ನಾಯಕ ಪ್ರೀತಿಸಿದ ಇಬ್ಬರು ಹೆಂಗಸರ ಸ್ಮೃತಿಯಾಗಿದ್ದುವು; 1976ರ ಪಾಠದಲ್ಲಿ ಅವು ಯುದ್ಧದಲ್ಲಿ ಸತ್ತ ಪ್ರಿಯೆಯೂ ಆಕೆಯ ಒಡಲಲ್ಲಿದ್ದ ಮಗಳೂ ಆದುವು. ಆ ಒಂದು ಬದಲಾವಣೆಯಿಂದ ನಾಯಕನ ಅಂತ್ಯವೇ ಬೇರೆಯಾಗುತ್ತದೆ: ಮೊದಲು ಹತಾಶನ ಆತ್ಮಹತ್ಯೆಯಾಗಿದ್ದದ್ದು ಈಗ ತನ್ನ ಸಂಸಾರವನ್ನು ಸೇರಿಕೊಳ್ಳುವ ಪ್ರಯಾಣವಾಗುತ್ತದೆ. ಯಾವ ವರ್ಷದ ಪಾಠವನ್ನು ಓದುತ್ತಿದ್ದೇವೆಂಬುದನ್ನು ವಿಚಾರಿಸದೆ ಈ ಕೃತಿಯ ರಾಜಕೀಯವನ್ನು ಕುರಿತು ತೀರ್ಮಾನ ಹೇಳುವುದು ಅವಿವೇಕ. ಪಾಠಾಂತರದ ವಿಚಾರ ಪ್ರಾಚೀನ ಗ್ರಂಥಗಳಿಗೆ ಮಾತ್ರ ಮೀಸಲೆಂಬ ಭಾವನೆಯನ್ನು ಆಧುನಿಕ ಕೊರಿಯನ್ ಸಾಹಿತ್ಯದಷ್ಟು ಬಲವಾಗಿ ಖಂಡಿಸುವ ಸಾಹಿತ್ಯ ವಿರಳ.

ಇಂದು ಈ ದೇಶದ ಕಲೆಗೆ ಲೋಕಾದ್ಯಂತ ಮನ್ನಣೆ ಸಂದಿದೆ. ‘ಪ್ಯಾರಸೈಟ್’ ಚಿತ್ರ 2020ರಲ್ಲಿ ಆಸ್ಕರ್ ಸಮ್ಮಾನದ ಶಿಖರವನ್ನೇರಿತು. ಹಾನ್ ಕಾಂಗ್ ಅವರಿಗೆ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸಂತೋಷಪಡತಕ್ಕ ವಿಷಯ. ಆದರೆ ಪ್ರಶಸ್ತಿಯಿಂದ ಹಿಂದಕ್ಕೆ ಓದುವ ಅಭ್ಯಾಸ ಅಧ್ಯಯನಕ್ಕೆ ಹೊಸದೊಂದು ಗೆರೆಯನ್ನು ಎಳೆಯುತ್ತಿದೆ. ಹೊರದೇಶದವರಿಗೆ ರುಚಿಸಿದ್ದೇ ಪರಂಪರೆಯೆಂಬ ಭ್ರಮೆಯನ್ನು ಬೆಳೆಸುತ್ತಿದೆ. ‘ಪ್ಯಾರಸೈಟ್’ ನಿರ್ದೇಶಕ ಬೊಂಗ್ ಜೂನ್-ಹೊ ಅವರ ತಾಯಿಯ ತಂದೆ, 1934ರಲ್ಲಿ ‘ಕಾದಂಬರಿಕಾರ ಕುಬೊವಿನ ಒಂದು ದಿನ’ ಎಂಬ ಕೃತಿಯಲ್ಲಿ ಸೋಲ್ ನಗರದ ಬೀದಿಗಳಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವ ಲೇಖಕನನ್ನು ಚಿತ್ರಿಸಿದ ಪಾಕ್ ತೇ-ವೊನ್. ಯುದ್ಧಕಾಲದಲ್ಲಿ ಅವರು ಉತ್ತರಕ್ಕೆ ಹೋಗಿ, ದೃಷ್ಟಿ ಕಳೆದುಕೊಂಡ ಮೇಲೂ ಕಾದಂಬರಿ ರಚನೆಯನ್ನು ಬಿಡದೆ, 1986ರಲ್ಲಿ ಅಲ್ಲಿಯೇ ತೀರಿಕೊಂಡರು. 1969ರಲ್ಲಿ ದಕ್ಷಿಣದಲ್ಲಿ ಹುಟ್ಟಿದ ಮೊಮ್ಮಗನ ಬಾಲ್ಯವೆಲ್ಲ ಆ ಅಜ್ಜನ ಪುಸ್ತಕಗಳು ನಿಷಿದ್ಧವಾಗಿದ್ದ ಕಾಲ. ಮೊಮ್ಮಗನನ್ನು ಕೊಂಡಾಡುವ ವಿಮರ್ಶೆ ಅಜ್ಜನನ್ನು ಓದದಿದ್ದರೆ ಅದು ನಿಷೇಧವನ್ನು ಸ್ವಯಿಚ್ಛೆಯಿಂದ ಮುಂದುವರಿಸಿದಂತೆ.

ಕೊರಿಯನ್ ಕೃತಿಗಳನ್ನು ಕನ್ನಡಕ್ಕೆ ತರಬಯಸುವ ಅನುವಾದಕರಲ್ಲಿಯೂ ಪ್ರಕಾಶಕರಲ್ಲಿಯೂ, ಅವನ್ನು ತರಗತಿಗೆ ಒಯ್ಯಬಯಸುವ ಅಧ್ಯಾಪಕರಲ್ಲಿಯೂ ಇರುವ ಬಿನ್ನಹವಿಷ್ಟೆ. ಪ್ರಶಸ್ತಿವಿಜೇತರ ಜತೆಗೆ 1930ರ ದಶಕದ ನವ್ಯರಲ್ಲೊಬ್ಬರಾದ ಯಿ ಸಾಂಗ್ ಅವರ ‘ರೆಕ್ಕೆಗಳು’ ಬರಲಿ, ಪಾಕ್ ತೇ-ವೊನ್ ಬರಲಿ, ಚ್ವೆ ಇನ್-ಹುನ್ ಬರಲಿ. ಯಾವ ವರ್ಷದ ಪಾಠವನ್ನು ಆಧರಿಸಿದೆ, ಅದರಿಂದ ಏನನ್ನು ಯಾರು ತೆಗೆದರು, ಯಾವಾಗ ಮರಳಿ ಸೇರಿಸಿದರು ಎಂಬುದನ್ನು ಪ್ರತಿಯೊಂದು ಪುಸ್ತಕದ ಮುನ್ನುಡಿಯೂ ತಿಳಿಸಲಿ. ಕಥೆಯನ್ನು ಓದಿದ ವಿದ್ಯಾರ್ಥಿ ಅದರಿಂದ ಹುಟ್ಟಿದ ಚಿತ್ರವನ್ನೂ ನೋಡಲಿ. ಅದಕ್ಕಾಗಿ ಸೋಲ್ ನಗರಕ್ಕೆ ಪ್ರಯಾಣ ಮಾಡಬೇಕಾಗಿಲ್ಲ: 1974ರಲ್ಲಿ ಸ್ಥಾಪನೆಯಾದ ಕೊರಿಯಾದ ಚಿತ್ರಭಂಡಾರ ತನ್ನ ಹಳೆಯ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹಗಳೊಡನೆ ಯೂಟ್ಯೂಬಿನಲ್ಲಿ ಉಚಿತವಾಗಿ ಇಟ್ಟಿದೆ, ‘ಗುರಿತಪ್ಪಿದ ಗುಂಡು’ ಅವುಗಳಲ್ಲೊಂದು.